ಮೂರು ಬೆರಳಿನ ಕುದುರೆ ಅರ್ಧ ಮುಗಿದ ಕುದುರೆಯೇ? ಬೆಸ ಬೆರಳಿನ ಗೊರಸುಪ್ರಾಣಿಗಳ ಪಳೆಯುಳಿಕೆಗಳ ಕುರಿತು ಚರ್ಚೆ

ಶಿಲಾಪುಟ

ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸುವ ನಾನು ಜೀವವಿಕಾಸದ ಪಾಠಕ್ಕೆ ವರ್ಷವರ್ಷವೂ ಒಂದೇ ಚಿತ್ರವನ್ನು ಬಳಸುತ್ತ ಬಂದಿದ್ದೇನೆ. ಎಡತುದಿಯಲ್ಲಿ ಸಣ್ಣ ನಾಯಿಯಷ್ಟು ಗಾತ್ರದ, ಮುಂಗಾಲಿನಲ್ಲಿ ನಾಲ್ಕು ಬೆರಳುಗಳಿರುವ ಇಯೋಹಿಪ್ಪಸ್. ಅದರ ಪಕ್ಕದಲ್ಲಿ ಮೂರು ಬೆರಳಿನ ಮೆಸೊಹಿಪ್ಪಸ್. ಆಮೇಲೆ ಪಕ್ಕದ ಬೆರಳುಗಳು ನೆಲ ಬಿಟ್ಟು ಮೇಲೆದ್ದ ಮೆರಿಕಿಪ್ಪಸ್. ಬಲತುದಿಯಲ್ಲಿ ಒಂಟಿ ಗೊರಸಿನ ಇಂದಿನ ಕುದುರೆ. ಗಾತ್ರ ಏರುತ್ತ ಹೋಗುತ್ತದೆ, ಬೆರಳು ಇಳಿಯುತ್ತ ಹೋಗುತ್ತದೆ, ಮಕ್ಕಳಿಗೆ ಅರ್ಥವೂ ಆಗುತ್ತದೆ. ಈ ಸಲ ಒಬ್ಬ ಹುಡುಗಿ ಎದ್ದು ನಿಂತು, ‘ಹಾಗಾದರೆ ಮೂರು ಬೆರಳಿನ ಕುದುರೆ ಅರ್ಧ ಮುಗಿದ ಕುದುರೆಯೇ? ಅದಕ್ಕೆ ಓಡಲು ಕಷ್ಟವಾಗುತ್ತಿತ್ತೇ?’ ಎಂದು ಕೇಳಿದಳು. ನಾನು ಏನೋ ಹೇಳಿ ಮುಂದಕ್ಕೆ ಹೋದೆನಾದರೂ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ.

ಕುದುರೆ, ಕತ್ತೆ, ಜೀಬ್ರಾಗಳ ಕುಟುಂಬ, 5 ಪ್ರಭೇದಗಳ ಘೇಂಡಾಮೃಗ ಮತ್ತು ಹಂದಿಯಂಥ ಮೈ, ಗಿಡ್ಡ ಸೊಂಡಿಲಿರುವ ಟೇಪಿರ್, ಇಷ್ಟೇ ಇಂದು ಉಳಿದಿರುವ ಬೆಸ ಬೆರಳಿನ ಗೊರಸುಪ್ರಾಣಿಗಳು ಎಂಬುದು ನನಗೆ ಗೊತ್ತು. ಇವುಗಳ ಪಳೆಯುಳಿಕೆಗಳು ನಿಜವಾಗಿ ಏನು ಹೇಳುತ್ತವೆ, ಆ ಚಿತ್ರದಲ್ಲಿ ಎಷ್ಟು ಭಾಗ ಇನ್ನೂ ನಿಲ್ಲುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಮುಂದಿನ ಪಾಠವನ್ನಾದರೂ ಸರಿಯಾಗಿ ಮಾಡಬಹುದು.

ಗೊರಸುವೈದ್ಯ

ಅರ್ಧ ಮುಗಿದದ್ದನ್ನು ಹುಡುಕುವವರು ಇಂದಿನ ಕುದುರೆಯ ಕಾಲನ್ನೇ ಬಿಡಿಸಿ ನೋಡಬಹುದು. ಪಶುವೈದ್ಯನಾಗಿ ನಾನು ಮತ್ತೆ ಮತ್ತೆ ನೋಡಿರುವ ಮೂಳೆಗಳಿವು. ಮುಂಗಾಲಿನಲ್ಲಿ ಜನ ಮೊಣಕಾಲು ಎನ್ನುವ ಗಂಟು ನಮ್ಮ ಮಣಿಕಟ್ಟಿಗೆ ಸಮ. ಅದರ ಕೆಳಗಿನ ಉದ್ದನೆಯ ದಪ್ಪ ಮೂಳೆ ನಮ್ಮ ಅಂಗೈಯ ನಡುಮೂಳೆ, ಅಂದರೆ ಮೂರನೆಯ ಬೆರಳಿನದು. ಆ ಮೂಳೆಯ ಹಿಂಬದಿಗೆ, ಎಡಬಲಗಳಲ್ಲಿ, ಎರಡು ತೆಳು ಕಡ್ಡಿಮೂಳೆಗಳು ಅಂಟಿಕೊಂಡಿರುತ್ತವೆ. ಮೇಲ್ತುದಿಯಲ್ಲಿ ಅವು ಮಣಿಕಟ್ಟಿನ ಮೂಳೆಗಳಿಗೆ ಆಸರೆ ಕೊಡುವಷ್ಟು ಅಗಲವಾಗಿದ್ದು, ಕೆಳಗಿಳಿದಂತೆ ದಬ್ಬಳದ ಹಾಗೆ ಮೊನಚಾಗಿ, ನಡುಮೂಳೆ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ಬಟಾಣಿ ಕಾಳಿನಂಥ ಸಣ್ಣ ಗುಬುಟಿನಲ್ಲಿ ನಿಂತುಬಿಡುತ್ತವೆ. ಚರ್ಮದ ಮೇಲಿನಿಂದಲೇ ಬೆರಳಾಡಿಸಿದರೆ ಆ ಗುಬುಟು ಕೈಗೆ ಸಿಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಬೆರಳುಗಳ ಪೈಕಿ ಉಳಿದಿರುವುದು ಅಷ್ಟೇ. ಎಳೆಯ ಕುದುರೆಯಲ್ಲಿ ಈ ಕಡ್ಡಿಗಳನ್ನು ನಡುಮೂಳೆಗೆ ಹಿಡಿದಿಟ್ಟಿರುವುದು ನಾರು. ವಯಸ್ಸಾದಂತೆ ಅದೇ ನಾರು ಮೂಳೆಯಾಗಿ ಗಟ್ಟಿಗೊಳ್ಳುತ್ತದೆ. ಅಪರೂಪಕ್ಕೆ ಪಕ್ಕದ ಬೆರಳು ಪೂರ್ತಿ ಬೆಳೆದು, ಪುಟ್ಟ ಗೊರಸಿನ ಸಮೇತ ಹುಟ್ಟುವ ಮರಿಗಳೂ ಉಂಟು.

‘ಬೆಸ ಬೆರಳು’ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿ. ಟೇಪಿರ್‌ಗೆ ಹಿಂಗಾಲಿನಲ್ಲಿ 3 ಬೆರಳಿದ್ದರೆ ಮುಂಗಾಲಿನಲ್ಲಿ 4, ಅಂದರೆ ಸಮಸಂಖ್ಯೆ. ಈ ಗಣವನ್ನು ಗುರುತಿಸುವುದು ದೇಹದ ಭಾರ ಯಾವ ಬೆರಳಿನ ನಡುವೆ ಹಾದು ನೆಲಕ್ಕಿಳಿಯುತ್ತದೆ ಎಂಬುದರಿಂದ. ಇವುಗಳಲ್ಲಿ ಅದು ಮೂರನೆಯ ಬೆರಳಿನ ನಟ್ಟನಡುವೆ ಇಳಿಯುತ್ತದೆ. ದನ, ಜಿಂಕೆ, ಹಂದಿಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ಸಂದಿಯಲ್ಲಿ ಇಳಿಯುತ್ತದೆ. ಎಣಿಕೆಗಿಂತ ಈ ಅಕ್ಷ ಮುಖ್ಯ.

ಹಳೇಪದರ

ಶಿಲಾಪುಟ ಅವರ ಚಿತ್ರ ಹೇಗೆ ಹುಟ್ಟಿತು ಎಂಬುದನ್ನು ತಿಳಿದರೆ ಅದರ ದೋಷವೂ ತಾನಾಗಿ ಕಾಣಿಸುತ್ತದೆ. 1841ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್, ಲಂಡನ್ ಜೇಡಿಯ ಪದರದಲ್ಲಿ ಸಿಕ್ಕ ಪುಟ್ಟ ತಲೆಬುರುಡೆಯೊಂದಕ್ಕೆ ಹೈರಕೊಥೀರಿಯಂ ಎಂದು ಹೆಸರಿಟ್ಟ. ಹೈರಾಕ್ಸ್ ಎಂಬ ಮೊಲದಂಥ ಪ್ರಾಣಿಯನ್ನು ನೆನಪಿಸುವ ಆ ಹೆಸರೇ ಹೇಳುವಂತೆ, ಅದಕ್ಕೂ ಕುದುರೆಗೂ ಏನಾದರೂ ಸಂಬಂಧವಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಏಳು ವರ್ಷಗಳ ನಂತರ, 1848ರಲ್ಲಿ, ‘ಪೆರಿಸ್ಸೊಡ್ಯಾಕ್ಟಿಲ’ (ಬೆಸ ಬೆರಳಿನವು) ಎಂಬ ಗಣದ ಹೆಸರನ್ನು ಕೊಟ್ಟವನೂ ಅವನೇ.

ಕುದುರೆಯ ಮೊದಲ ಏಣಿ ತಯಾರಾದದ್ದು ಯೂರೋಪಿನಲ್ಲಿ. ರಷ್ಯಾದ ವ್ಲಾದಿಮಿರ್ ಕೊವಲೆವ್‌ಸ್ಕಿ 1870ರ ದಶಕದಲ್ಲಿ ಅಲ್ಲಿನ ಪಳೆಯುಳಿಕೆಗಳನ್ನು ಅಸಾಧಾರಣ ಶ್ರದ್ಧೆಯಿಂದ ಅಳೆದು ಪೇಲಿಯೊಥೀರಿಯಂ, ಆಂಕಿಥೀರಿಯಂ, ಹಿಪ್ಪಾರಿಯನ್, ಕೊನೆಗೆ ಈಕ್ವಸ್ (ಇಂದಿನ ಕುದುರೆಯ ಕುಲ) ಎಂಬ ಸರಣಿಯನ್ನು ಜೋಡಿಸಿದ. ಬ್ರಿಟನ್ನಿನ ಥಾಮಸ್ ಹಕ್ಸ್‌ಲಿಯ ನಂಬಿಕೆಯೂ ಹೆಚ್ಚುಕಡಿಮೆ ಇದೇ ಆಗಿತ್ತು. 1876ರಲ್ಲಿ ಹಕ್ಸ್‌ಲಿ ಅಮೆರಿಕಕ್ಕೆ ಹೋಗಿ ಯೇಲ್‌ನಲ್ಲಿ ಓತ್ನಿಯೆಲ್ ಮಾರ್ಷ್ ಕೂಡಿಟ್ಟಿದ್ದ ಮೂಳೆಗಳನ್ನು ಒಂದೊಂದಾಗಿ ತೆಗೆಸಿ ನೋಡಿದ ಮೇಲೆ ತನ್ನ ಅಭಿಪ್ರಾಯವನ್ನೇ ಬದಲಿಸಿಕೊಂಡ. ಕುದುರೆಯ ಮುಖ್ಯ ಕಥೆ ನಡೆದದ್ದು ಉತ್ತರ ಅಮೆರಿಕದಲ್ಲಿ ಎಂದು ಒಪ್ಪಿಕೊಂಡ. ಇಯೋಹಿಪ್ಪಸ್ ಎಂಬ ಹೆಸರನ್ನು ಮಾರ್ಷ್ ಇಟ್ಟದ್ದು ಅದೇ ವರ್ಷ.

ಯೂರೋಪಿನ ಆ ಏಣಿಯ ಮೆಟ್ಟಿಲುಗಳು ತಾಯಿ-ಮಕ್ಕಳಾಗಿರಲಿಲ್ಲ. ಆಂಕಿಥೀರಿಯಂ ಒಮ್ಮೆ, ಹಿಪ್ಪಾರಿಯನ್ ಇನ್ನೊಮ್ಮೆ, ಈಕ್ವಸ್ ಮತ್ತೊಮ್ಮೆ ಬೇರೆ ಬೇರೆ ಕಾಲದಲ್ಲಿ ಉತ್ತರ ಅಮೆರಿಕದಿಂದ ವಲಸೆ ಬಂದವು. ಪೇಲಿಯೊಥೀರಿಯಂ ಅಂತೂ ಬೇರೆಯದೇ ಕವಲು. ಮನೆಗೆ ಒಬ್ಬರಾದ ಮೇಲೆ ಒಬ್ಬರಂತೆ ಬಂದ ನೆಂಟರನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಅಜ್ಜ, ಮಗ, ಮೊಮ್ಮಗ ಎಂದು ಕರೆದಂತಾಗಿತ್ತು. ಆದರೂ ಆ ಸಾಲು ನೋಡಲು ಬಹಳ ಅಂದವಾಗಿತ್ತು! ಗಾತ್ರ ಏರಿತ್ತು, ಬೆರಳು ಇಳಿದಿತ್ತು. ಅಂದವಾದ ಸಾಲು ಸಿಕ್ಕಿತೆಂದ ಮಾತ್ರಕ್ಕೆ ವಂಶಾವಳಿ ಸಿಕ್ಕಿತೆಂದು ಭಾವಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಆ ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಹಿಪ್ಪಾರಿಯನ್ ಗುಂಪಿನಲ್ಲಿದೆ. ಮೂರು ಬೆರಳಿನ ಈ ಕುದುರೆಗಳು ಸುಮಾರು 1.1 ಕೋಟಿ ವರ್ಷಗಳ ಹಿಂದೆ ಆಗ ಅಮೆರಿಕವನ್ನು ಏಷ್ಯಾಕ್ಕೆ ಜೋಡಿಸಿದ್ದ ಬೇರಿಂಗ್ ಭೂಸೇತುವೆಯನ್ನು ದಾಟಿ ಏಷ್ಯಾ, ಯೂರೋಪು, ಆಫ್ರಿಕಾಗಳ ಉದ್ದಗಲಕ್ಕೂ ಹಬ್ಬಿದವು. ಶಿವಾಲಿಕ್ ಬೆಟ್ಟಗಳ ಪದರಗಳಲ್ಲಿ ಅವುಗಳ ಹಲ್ಲುಗಳು ಹೇರಳವಾಗಿ ಸಿಗುತ್ತವೆ. ಟಾಂಜಾನಿಯಾದ ಲೈಟೋಲಿಯಲ್ಲಿ, ಮಾನವ ಪೂರ್ವಜರ ಪ್ರಸಿದ್ಧ ಹೆಜ್ಜೆಗುರುತುಗಳಿರುವ ಸುಮಾರು 36 ಲಕ್ಷ ವರ್ಷ ಹಳೆಯ ಜ್ವಾಲಾಮುಖಿ ಬೂದಿಯಲ್ಲಿ, ಹಿಪ್ಪಾರಿಯನ್‌ಗಳ ಹೆಜ್ಜೆಗಳೂ ಇವೆ; ಅವುಗಳಲ್ಲಿ ಒಂದು ಮರಿಯದು. ಗೊರಸಿನ ಅಂತರಗಳನ್ನು ಅಳೆದವರು ಅವು ಸರಾಗವಾದ ವೇಗದ ನಡಿಗೆಯಲ್ಲಿ ಹೋಗುತ್ತಿದ್ದವೆಂದು ತೋರಿಸಿದ್ದಾರೆ. ಆ ಹೊತ್ತಿಗೆ ಅಮೆರಿಕದಲ್ಲಿ ಒಂಟಿ ಗೊರಸಿನ ಕುದುರೆಗಳು ಆಗಲೇ ಇದ್ದವು. ಆಫ್ರಿಕಾದಲ್ಲಿ ಈಕ್ವಸ್ ಬಂದ ಮೇಲೂ ಮೂರು ಬೆರಳಿನವು ಅದರ ಜೊತೆಯಲ್ಲೇ ಹಿಮಯುಗಗಳ ಕಾಲವಾದ ಪ್ಲೀಸ್ಟೊಸೀನ್‌ವರೆಗೆ ಬಾಳಿದವು. ಮೂರು ಖಂಡಗಳಲ್ಲಿ ಒಂದು ಕೋಟಿ ವರ್ಷದ ಆಸುಪಾಸು ಬದುಕಿದ ಪ್ರಾಣಿಯನ್ನು ಅರ್ಧ ಮುಗಿದದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸಂಶಯಾತ್ಮ

ಏಣಿಯನ್ನು ಬಿಸಾಡುವ ಉತ್ಸಾಹದಲ್ಲಿ ನಾವು ಇನ್ನೊಂದು ಅತಿಗೆ ಹೋಗುತ್ತಿದ್ದೇವೆಯೇ ಎಂಬ ಅನುಮಾನ ನನಗಿದೆ. ವಂಶವೃಕ್ಷ ಪೊದೆಯಂತಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ 5.5 ಕೋಟಿ ವರ್ಷಗಳ ಹಿಂದಿನ ಯಾವ ಕುದುರೆಗೂ ಒಂಟಿ ಬೆರಳಿರಲಿಲ್ಲ, ಇಂದಿನ ಯಾವ ಕುದುರೆಗೂ ಮೂರು ಬೆರಳಿಲ್ಲ. ಆಗಿನ ಹಲ್ಲುಗಳೆಲ್ಲ ಗಿಡ್ಡ, ಈಗಿನವೆಲ್ಲ ಎತ್ತರ. ಇದೊಂದು ದಿಕ್ಕಲ್ಲವೇ? ದಿಕ್ಕೇ ಇಲ್ಲವೆಂದು ಮಕ್ಕಳಿಗೆ ಹೇಳಿದರೆ ಅದೂ ಸುಳ್ಳೇ ಆಗುತ್ತದೆ. ಬೆರಳು ಕಡಿಮೆಯಾದದ್ದಕ್ಕೆ ಕಾರಣವೊಂದು ಇರಲೇಬೇಕು.

ಗೊರಸುವೈದ್ಯ

ಬೆರಳಿನ ಮಟ್ಟಿಗೆ ಕಾರಣ ಹುಡುಕಿದವರಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಲವು ಕುಲಗಳ ಪಳೆಯುಳಿಕೆ ಕುದುರೆಗಳ ನಡುಮೂಳೆಗಳನ್ನು ಸ್ಕ್ಯಾನ್ ಮಾಡಿ, ಸೇತುವೆಯ ತೊಲೆಯನ್ನು ಲೆಕ್ಕಹಾಕುವಂತೆ ಅವುಗಳ ಬಾಗುವಿಕೆಯನ್ನು ಲೆಕ್ಕಹಾಕಿತು. ದೇಹ ಭಾರವಾಗುತ್ತ, ಪಕ್ಕದ ಬೆರಳುಗಳು ಕ್ಷೀಣಿಸುತ್ತ ಹೋದಂತೆ ನಡುಬೆರಳಿನ ಮೂಳೆ ಅಡ್ಡಕೊಯ್ತದಲ್ಲಿ ದಪ್ಪವಾಗಿ, ಇಡೀ ಭಾರವನ್ನು ಒಂಟಿಯಾಗಿಯೇ ಹೊರುವ ಸಾಮರ್ಥ್ಯ ಪಡೆಯಿತು. ಇಯೋಸೀನ್ ಕಾಲದ (ಸುಮಾರು 5.6ರಿಂದ 3.4 ಕೋಟಿ ವರ್ಷಗಳ ಹಿಂದಿನ) ಸಣ್ಣ ಕುದುರೆಗಳಿಗಾದರೋ ಪಕ್ಕದ ಬೆರಳುಗಳ ಆಸರೆ ನಿಜಕ್ಕೂ ಬೇಕಾಗಿತ್ತು. ಕಾಲಿನ ತುದಿ ಹಗುರವಾದಷ್ಟೂ ಅದನ್ನು ಬೀಸಲು ಕಡಿಮೆ ಶಕ್ತಿ ಸಾಕು ಎಂಬುದೂ ನಿಜ. ಆದರೆ ಇದು ಬಯಲಿನಲ್ಲಿ ದೂರ ಕ್ರಮಿಸುವ ಪ್ರಾಣಿಗೆ ಲಾಭ. ಮೆತ್ತನೆಯ ಕಾಡಿನ ನೆಲದಲ್ಲಿ, ಹೊಳೆಯಂಚಿನ ಕೆಸರಿನಲ್ಲಿ, ಹರಡಿಕೊಳ್ಳುವ ಬೆರಳುಗಳೇ ಲಾಭ. ಟೇಪಿರ್ ತನ್ನ ನಾಲ್ಕು-ಮೂರು ಬೆರಳಿನ ಪಾದವನ್ನು ಇಯೋಸೀನ್‌ನಿಂದ ಇಂದಿನವರೆಗೆ ಹಾಗೆಯೇ ಉಳಿಸಿಕೊಂಡಿದೆ.

ದವಡೆಹಲ್ಲು

ಸಂಶಯಾತ್ಮರ ಪ್ರಶ್ನೆಗೆ ಹಲ್ಲಿನ ಕಡೆಯಿಂದ ಉತ್ತರಿಸಲು ಯತ್ನಿಸುತ್ತೇನೆ. ಪಳೆಯುಳಿಕೆ ಸಸ್ತನಿಗಳ ವಿಷಯದಲ್ಲಿ ನಮಗೆ ತಿಳಿದಿರುವುದರಲ್ಲಿ ಬಹುಪಾಲನ್ನು ಹೇಳಿದ್ದು ಹಲ್ಲುಗಳೇ. ದಂತಕವಚ ದೇಹದ ಅತಿ ಗಟ್ಟಿ ಪದಾರ್ಥವಾದ್ದರಿಂದ ಉಳಿದೆಲ್ಲವೂ ಕರಗಿಹೋದ ಪದರದಲ್ಲೂ ಹಲ್ಲು ಉಳಿದಿರುತ್ತದೆ.

ಇಂದಿನ ಕುದುರೆಯ ದವಡೆಹಲ್ಲೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಅದು ಹಲ್ಲಿಗಿಂತ ಹೆಚ್ಚಾಗಿ ನಾಲ್ಕು ಮೂಲೆಯ ಕಂಬದಂತೆ ಕಾಣುತ್ತದೆ. ಎಳೆಯ ಪ್ರಾಣಿಯಲ್ಲಿ 7 ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುವ ಈ ಕಂಬದ ಬಹುಭಾಗ ಒಸಡಿನೊಳಗೆ, ದವಡೆಯ ಮೂಳೆಯೊಳಗೆ ಹುದುಗಿದ್ದು, ಮೇಲ್ಭಾಗ ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಸವೆದಂತೆ ಕೆಳಗಿನಿಂದ ಮೇಲಕ್ಕೆ ಸರಿಯುತ್ತ ಬರುತ್ತದೆ. ಸವೆದ ಮೇಲ್ಮೈಯಲ್ಲಿ ಬಿಳಿಯ ದಂತಕವಚ ನದಿಯ ತಿರುವುಗಳಂತೆ ಸುತ್ತಿ ಸುತ್ತಿ ಹರಿದಿರುತ್ತದೆ. ಅದರ ಒಳಗೆ ಹಳದಿ ಡೆಂಟೀನ್, ಹೊರಗೆ ಕಂದು ಸಿಮೆಂಟಮ್. ಮೂರೂ ಬೇರೆ ಬೇರೆ ವೇಗದಲ್ಲಿ ಸವೆಯುವುದರಿಂದ ಕವಚದ ಅಂಚು ಯಾವಾಗಲೂ ಏರುಗೆರೆಯಾಗಿಯೇ ಉಳಿದು, ಬೀಸುವ ಕಲ್ಲಿಗೆ ಮತ್ತೆ ಮತ್ತೆ ಉಳಿಪೆಟ್ಟು ಹಾಕಿದಂತೆ ತನ್ನಷ್ಟಕ್ಕೆ ಹರಿತಗೊಳ್ಳುತ್ತಿರುತ್ತದೆ. ಇಯೋಸೀನ್‌ನ ಕುದುರೆಯ ಹಲ್ಲೋ ಗುಂಡನೆಯ ಉಬ್ಬುಗಳಿರುವ, ಕಡಲೆಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಗಿಡ್ಡ ಹಲ್ಲು. ಅದು ಎಲೆ, ಹಣ್ಣುಗಳನ್ನು ತಿನ್ನುವ ಹಲ್ಲು. ಜರ್ಮನಿಯ ಮೆಸೆಲ್ ಗಣಿಯ ಸುಮಾರು 4.7 ಕೋಟಿ ವರ್ಷ ಹಳೆಯ ಎಣ್ಣೆಗಲ್ಲಿನಲ್ಲಿ ಸಿಕ್ಕ ಪುಟ್ಟ ಕುದುರೆಗಳ ಹೊಟ್ಟೆಯಲ್ಲಿ ಎಲೆಗಳೂ ದ್ರಾಕ್ಷಿಯ ಬೀಜಗಳೂ ಇದ್ದುದರಿಂದ ಇದು ಬರಿಯ ಊಹೆಯಾಗಿ ಉಳಿದಿಲ್ಲ. ಅಲ್ಲಿಯದೇ ಒಂದು ಯೂರೊಹಿಪ್ಪಸ್ ಗರ್ಭಿಣಿಯಾಗಿದ್ದು, ಅದರ ಭ್ರೂಣವಷ್ಟೇ ಅಲ್ಲದೆ ಗರ್ಭಕೋಶವನ್ನು ಹಿಡಿದಿಡುವ ಪೊರೆಯ ಗುರುತೂ ಕಲ್ಲಿನಲ್ಲಿ ಉಳಿದಿದೆ. ವಿಷಯಕ್ಕೆ ನೇರ ಸಂಬಂಧವಿಲ್ಲದಿದ್ದರೂ ಹೇಳದೆ ಇರಲಾಗಲಿಲ್ಲ.

ಈಗ ದಿಕ್ಕಿನ ಪ್ರಶ್ನೆ. ಹುಲ್ಲಿನಲ್ಲಿ ಸಿಲಿಕಾ ಕಣಗಳಿವೆ, ಬಯಲಿನ ಮೇವಿನಲ್ಲಿ ಧೂಳು ಮರಳಿವೆ, ಎರಡೂ ಹಲ್ಲನ್ನು ಸವೆಸುತ್ತವೆ, ಆದ್ದರಿಂದ ಹುಲ್ಲುಗಾವಲು ಹರಡಿದಾಗ ಎತ್ತರದ ಹಲ್ಲು ಬಂತು ಎಂಬುದು ಪಠ್ಯಪುಸ್ತಕದ ವಿವರಣೆ. ಕಾಲಕ್ರಮವನ್ನು ಹತ್ತಿರದಿಂದ ನೋಡಿದರೆ ಮೂರು ತೊಡಕುಗಳಿವೆ. ಕ್ಯಾರೊಲೀನ್ ಸ್ಟ್ರಾಂಬರ್ಗ್ ಅವರು ಅಮೆರಿಕದ ನಡುಬಯಲಿನ ಪದರಗಳಿಂದ ಹುಲ್ಲಿನ ಸಿಲಿಕಾ ಕಣಗಳನ್ನೇ ಬಿಡಿಸಿ ಎಣಿಸಿದಾಗ, ಎತ್ತರದ ಹಲ್ಲಿನ ಕುದುರೆಗಳು ಕಾಣಿಸಿಕೊಳ್ಳುವುದಕ್ಕೆ ಕನಿಷ್ಠ 40 ಲಕ್ಷ ವರ್ಷ ಮೊದಲೇ ಹುಲ್ಲುಗಾವಲುಗಳಿದ್ದುದು ಗೊತ್ತಾಯಿತು. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ದೊಡ್ಡ ಅಂತರ! ಎರಡನೆಯದಾಗಿ, ಎತ್ತರದ ಹಲ್ಲು ಬಂದ ಮೇಲೂ ಎಲ್ಲ ಕುದುರೆಗಳು ಹುಲ್ಲಿಗೆ ಅಂಟಿಕೊಳ್ಳಲಿಲ್ಲ. ಫ್ಲಾರಿಡಾದ ಸುಮಾರು 50 ಲಕ್ಷ ವರ್ಷ ಹಳೆಯ ಕುದುರೆ ಹಲ್ಲುಗಳ ಇಂಗಾಲದ ಐಸೊಟೋಪುಗಳನ್ನೂ (ತೂಕದಲ್ಲಿ ತುಸು ಬೇರೆಯಾದ ಇಂಗಾಲದ ಪರಮಾಣುಗಳು) ಮೇಲ್ಮೈಯ ಸೂಕ್ಷ್ಮ ಗೀರುಗಳನ್ನೂ ಪರೀಕ್ಷಿಸಿದಾಗ, ಎತ್ತರದ ಹಲ್ಲಿನ ಕೆಲವು ಪ್ರಭೇದಗಳು ಮುಖ್ಯವಾಗಿ ಎಲೆಗಳನ್ನೇ ತಿನ್ನುತ್ತಿದ್ದವೆಂದು 1999ರಲ್ಲಿ ಬ್ರೂಸ್ ಮ್ಯಾಕ್‌ಫಾಡೆನ್ ಮತ್ತು ಸಂಗಡಿಗರು ತೋರಿಸಿದರು. ಮೂರನೆಯದು ಗಾತ್ರ. ವಯೋಮಿಂಗಿನ ಬಿಗ್‌ಹಾರ್ನ್ ಕಣಿವೆಯ ಸಿಫ್ರಿಪ್ಪಸ್ ಎಂಬ ಅತಿ ಹಳೆಯ ಕುದುರೆ, ಸುಮಾರು 5.6 ಕೋಟಿ ವರ್ಷಗಳ ಹಿಂದೆ ಭೂಮಿ ತಟ್ಟನೆ ಬಿಸಿಯಾದ ಅವಧಿಯಲ್ಲಿ, 5.6 ಕಿಲೋದಿಂದ 3.9 ಕಿಲೋಗೆ ಕುಗ್ಗಿ, ತಾಪ ಇಳಿದಾಗ ಮತ್ತೆ 7 ಕಿಲೋಗೆ ಏರಿತು. ಸಾಕಿದ ಬೆಕ್ಕಿಗಿಂತ ಹಗುರವಾದ ಕುದುರೆ! ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದಿನ ಅವಧಿಯಾದ ಮಯೋಸೀನ್‌ನಲ್ಲೂ ಆರ್ಕಿಯೊಹಿಪ್ಪಸ್, ನ್ಯಾನಿಪ್ಪಸ್‌ಗಳಂಥ ಕವಲುಗಳು ಪೂರ್ವಜರಿಗಿಂತ ಕುಳ್ಳಾದವು.

ಆದ್ದರಿಂದ ಸಂಶಯಾತ್ಮರ ಮಾತನ್ನು ಹೀಗೆ ತಿದ್ದಿ ಒಪ್ಪುತ್ತೇನೆ: ಆರಂಭಕ್ಕೂ ಇಂದಿಗೂ ನಡುವೆ ವ್ಯತ್ಯಾಸವಿದೆ. ಆದರೆ ಆ ವ್ಯತ್ಯಾಸ ದಿಕ್ಕಿನಂತೆ ಕಾಣುವುದು ಉಳಿದ ಕವಲು ಒಂದೇ ಆಗಿರುವುದರಿಂದ. ಮಯೋಸೀನ್‌ನ ನಡುವೆ ಉತ್ತರ ಅಮೆರಿಕದಲ್ಲಿ ಹತ್ತಕ್ಕೂ ಹೆಚ್ಚು ಕುಲಗಳ ಕುದುರೆಗಳು ಏಕಕಾಲದಲ್ಲಿದ್ದವು. ಎಲೆ ತಿನ್ನುವವು, ಹುಲ್ಲು ತಿನ್ನುವವು, ಎರಡನ್ನೂ ತಿನ್ನುವವು. ಉಳಿದದ್ದು ಈಕ್ವಸ್ ಆಗದೆ ನ್ಯಾನಿಪ್ಪಸ್ ಆಗಿದ್ದರೆ, ಶಿಲಾಪುಟರ ಚಿತ್ರದಲ್ಲಿ ಜಿಂಕೆಯಷ್ಟು ಸಣ್ಣದಾದ ಮೂರು ಬೆರಳಿನ ಪ್ರಾಣಿ ಬಲತುದಿಯಲ್ಲಿ ನಿಂತು, ಸಾಲೆಲ್ಲ ಅದರ ಕಡೆಗೇ ಸಾಗಿ ಬಂದಂತೆ ಕಾಣುತ್ತಿತ್ತು.

ಸಂಶಯಾತ್ಮ

ಕೊನೆಯ ಮಾತು ನನ್ನ ವಾದವನ್ನು ಬಹುಮಟ್ಟಿಗೆ ಕೆಡವಿತು, ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ. ಮೆಲುಕು ಹಾಕುವ ಪ್ರಾಣಿಗಳ ನಾಲ್ಕು ಕೋಣೆಯ ಹೊಟ್ಟೆ ಹೆಚ್ಚು ದಕ್ಷವಾಗಿದ್ದುದರಿಂದ ಅವು ಬೆಸ ಬೆರಳಿನವುಗಳನ್ನು ಸೋಲಿಸಿ ಮೂಲೆಗೆ ತಳ್ಳಿದವು ಎಂದು ಓದಿದ್ದೇನೆ. ಇದಾದರೂ ನಿಲ್ಲುತ್ತದೆಯೇ?

ಗೊರಸುವೈದ್ಯ

ಪೂರ್ತಿ ನಿಲ್ಲುವುದಿಲ್ಲ. ಹಸು ಮೇವನ್ನು ಮೊದಲು ಹುದುಗಿಸಿ ಆಮೇಲೆ ಅರಗಿಸುತ್ತದೆ. ಕುದುರೆ ಮೊದಲು ಅರಗಿಸಿ, ಉಳಿದ ನಾರನ್ನು ಹಿಂಗರುಳಿನ ದೊಡ್ಡ ಚೀಲದಲ್ಲಿ ಹುದುಗಿಸುತ್ತದೆ. ಒಂದೊಂದು ಹಿಡಿ ಮೇವಿನಿಂದ ಹಸು ಹೆಚ್ಚು ಸಾರ ಹಿಂಡಿಕೊಳ್ಳುತ್ತದೆಂಬುದು ನಿಜ. ಆದರೆ ನಾರು ವಿಪರೀತವಾದರೆ ಅದರ ಹೊಟ್ಟೆ ತುಂಬಿ, ಒಳಗಿರುವುದು ಕರಗುವವರೆಗೆ ಕಾಯುತ್ತ ಕೂರಬೇಕಾಗುತ್ತದೆ. ಕುದುರೆ ಕಾಯುವುದಿಲ್ಲ, ಸಾರ ಕಡಿಮೆಯಿದ್ದರೂ ಹೆಚ್ಚು ತಿಂದು, ಬೇಗ ಸಾಗಹಾಕಿ, ಲೆಕ್ಕ ಸರಿದೂಗಿಸುತ್ತದೆ. ಒಣಗಿದ ಒರಟು ಮೇವು ಹೇರಳವಾಗಿರುವಲ್ಲಿ ಕುದುರೆಯ ಪದ್ಧತಿಯೇ ಮೇಲು ಎಂದು ಕ್ರಿಸ್ಟೀನ್ ಜೇನಿಸ್ 1976ರಲ್ಲೇ ವಾದಿಸಿದ್ದರು. ಎರಡೂ ಗಣಗಳ ಏರಿಳಿತಗಳನ್ನು 1981ರಲ್ಲಿ ಹೋಲಿಸಿ ನೋಡಿದ ರಿಚರ್ಡ್ ಸಿಫೆಲ್ಲಿ ಅವರಿಗೂ, ಒಂದು ಏರಿದ್ದರಿಂದಲೇ ಇನ್ನೊಂದು ಇಳಿಯಿತು ಎನ್ನಲು ಆಧಾರ ಕಾಣಲಿಲ್ಲ.

ಶಿಲಾಪುಟ

ಇಷ್ಟು ಹೊತ್ತು ಕುದುರೆಯೇ ಮಾತಾಯಿತು. ಅಳಿದುಹೋದ ಕುಟುಂಬಗಳ ಬಗ್ಗೆ ಯಾರಾದರೂ ಹೇಳಬಲ್ಲಿರಾ? ಅವುಗಳ ಹೆಸರೂ ನಮ್ಮ ಪಠ್ಯದಲ್ಲಿಲ್ಲ.

ಹಳೇಪದರ

ಗಣದ ನಿಜವಾದ ವೈಭವವಿರುವುದು ಅಲ್ಲೇ. ನನಗೆ ಅತಿ ಪ್ರಿಯವಾದದ್ದು ಕ್ಯಾಲಿಕೊಥೀರ್. ಜರ್ಮನಿಯ ಎಪ್ಪೆಲ್ಸ್‌ಹೈಮ್‌ನಲ್ಲಿ ಸಿಕ್ಕ, ತುದಿಯಲ್ಲಿ ಸೀಳಿರುವ ದೊಡ್ಡ ಉಗುರುಮೂಳೆಯೊಂದನ್ನು ನೋಡಿದ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವಿಯೇ ಅದನ್ನು ದೈತ್ಯ ಚಿಪ್ಪುಹಂದಿಯದೆಂದು ತೀರ್ಮಾನಿಸಿದ. ಒಂದು ಮೂಳೆ ಕೊಟ್ಟರೆ ಇಡೀ ಪ್ರಾಣಿಯನ್ನು ಹೇಳಬಲ್ಲೆನೆಂದು ಹೆಸರಾದವನು! ಅದೇ ಊರಿನ ಪದರಗಳಿಂದ ಬಂದ ಗೊರಸುಪ್ರಾಣಿಯ ಹಲ್ಲುಗಳಿಗೆ 1833ರಲ್ಲಿ ಯೋಹಾನ್ ಕೌಪ್ ಕ್ಯಾಲಿಕೊಥೀರಿಯಂ ಎಂದು ಹೆಸರಿಟ್ಟ. ಉಗುರು ಮತ್ತು ಹಲ್ಲು ಒಂದೇ ಪ್ರಾಣಿಯವೆಂಬುದು ದಶಕಗಳವರೆಗೆ ಯಾರ ತಲೆಗೂ ಹೊಳೆಯಲಿಲ್ಲ. ಫ್ರಾನ್ಸಿನ ಸಾನ್ಸಾನ್‌ನಲ್ಲಿ ಎರಡೂ ಒಟ್ಟಿಗೆ ದೊರೆತ ಮೇಲೆಯೇ ಆನ್ರಿ ಫಿಲೋಲ್ ಅವನ್ನು ಒಂದುಗೂಡಿಸಿದ. ಕುದುರೆಯಂಥ ಮುಖ, ಮುಂಗಾಲಿನಲ್ಲಿ ಕೊಂಬೆಗಳನ್ನು ಎಳೆದುಕೊಳ್ಳುವ ಉಗುರುಗಳು, ಕೆಲವಕ್ಕೆ ಗೊರಿಲ್ಲಾದಂತೆ ಬೆರಳ ಗಿಣ್ಣುಗಳ ಮೇಲೆ ನಡೆಯುವ ಪದ್ಧತಿ. ಗೊರಸುಪ್ರಾಣಿಯ ವಂಶದಲ್ಲಿ ಹುಟ್ಟಿ ಗೊರಸನ್ನೇ ಬಿಟ್ಟುಕೊಟ್ಟ ಇವು ಪ್ಲೀಸ್ಟೊಸೀನ್‌ವರೆಗೂ ಬದುಕಿದ್ದವು.

ಬ್ರಾಂಟೊಥೀರ್‌ಗಳದು ಇನ್ನೊಂದು ಕಥೆ. ಇಯೋಸೀನ್‌ನ ಆರಂಭದಲ್ಲಿ ಸುಮಾರು 18 ಕಿಲೋ ತೂಗುತ್ತಿದ್ದ ಇವು 1.6 ಕೋಟಿ ವರ್ಷಗಳಲ್ಲಿ ಟನ್ನಿಗೂ ಮೀರಿ ಬೆಳೆದು, ಮೂಗಿನ ಮೇಲೆ ಜೋಡಿ ಮೂಳೆಕೊಂಬುಗಳನ್ನು ಹೊತ್ತು, ಇಯೋಸೀನ್ ಮುಗಿಯುವಾಗ, 3.4 ಕೋಟಿ ವರ್ಷಗಳ ಹಿಂದೆ, ಒಂದೂ ಉಳಿಯದೆ ಅಳಿದವು. ಹಿಂದಿನವರು ಇದನ್ನೂ ನೇರ ಏರಿಕೆಯೆಂದೇ ಬರೆದಿದ್ದರು. 2023ರ ವಿಶ್ಲೇಷಣೆಯೊಂದು ಬೇರೆ ಚಿತ್ರ ಕೊಟ್ಟಿತು: ಹೊಸ ಪ್ರಭೇದಗಳು ಪೂರ್ವಜರಿಗಿಂತ ಸಣ್ಣವಾಗಿಯೂ ದೊಡ್ಡವಾಗಿಯೂ ಹುಟ್ಟುತ್ತಿದ್ದವು, ಸಣ್ಣವು ಬೇಗ ಅಳಿದು, ಪೈಪೋಟಿ ಕಡಿಮೆಯಿದ್ದ ದೊಡ್ಡವು ಉಳಿದುದರಿಂದ ಸರಾಸರಿ ಏರಿತು. ದವಡೆಹಲ್ಲು ಅವರು ಈಗಷ್ಟೇ ಹೇಳಿದ ತರ್ಕವೇ ಇದು, ಅಳತೆಗಳ ಸಮೇತ.

ಪ್ಯಾರಾಸೆರಥೀರಿಯಂ ಬಗ್ಗೆ ಎಲ್ಲರೂ ಬರೆಯುವುದರಿಂದ ಎರಡೇ ಮಾತು. ಕೊಂಬಿಲ್ಲದ, ಭುಜದ ಬಳಿ 4.8 ಮೀಟರಿನಷ್ಟು ಎತ್ತರದ, 15ರಿಂದ 20 ಟನ್ ತೂಕದ ಘೇಂಡಾಮೃಗದ ಬಂಧು ಇದು. ನೆಲದ ಮೇಲೆ ಬಾಳಿದ ಅತಿ ದೊಡ್ಡ ಸಸ್ತನಿಗಳಲ್ಲಿ ಒಂದು. ಬಲೂಚಿಸ್ತಾನದ ಡೇರಾ ಬುಗ್ಟಿಯ ಮೂಳೆಗಳಿಗೆ ಫಾರ್‌ಸ್ಟರ್ ಕೂಪರ್ 1911ರಲ್ಲಿ ಈ ಹೆಸರಿಟ್ಟ. ಚೀನಾದ ಲಿನ್‌ಶಿಯಾ ಕಣಿವೆಯಲ್ಲಿ ಸಿಕ್ಕ 2.65 ಕೋಟಿ ವರ್ಷ ಹಳೆಯ ಹೊಸ ಪ್ರಭೇದ 2021ರಲ್ಲಿ ವರದಿಯಾಯಿತು.

ಮೂಕಪ್ರೇಕ್ಷಕಿ

ಇಷ್ಟು ದಿನ ಓದುತ್ತಲೇ ಇದ್ದೆ. ಈ ಇಡೀ ಗಣ ಭಾರತದಲ್ಲಿ ಹುಟ್ಟಿತೆಂದೂ, ಗುಜರಾತಿನ ಗಣಿಯೊಂದರಲ್ಲಿ ‘ಎಲ್ಲ ಕುದುರೆಗಳ ಅಜ್ಜ’ ಸಿಕ್ಕಿತೆಂದೂ ಸುದ್ದಿಯಲ್ಲಿ ಓದಿದ ನೆನಪು. ಅದು ಸರಿಯೇ?

ಹಳೇಪದರ

ಸುದ್ದಿಯ ಅರ್ಧ ಸರಿ. ಆ ಪ್ರಾಣಿಯ ಹೆಸರು ಕ್ಯಾಂಬೇಥೀರಿಯಂ. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಿಂದ ದೊರೆತ ಇದನ್ನು 2005ರಲ್ಲಿ ಮೊದಲು ವರ್ಣಿಸಿದರು. 2014ರ ವಿಸ್ತೃತ ಅಧ್ಯಯನ ಇದನ್ನು ಬೆಸ ಬೆರಳಿನ ಗಣದ ಅತಿ ಹತ್ತಿರದ ಸೋದರ ಗುಂಪಾಗಿ ಗುರುತಿಸಿತು. ದವಡೆಹಲ್ಲುಗಳಲ್ಲಿ ಅಡ್ಡ ಏಣುಗಳು ಬೆಳೆಯುವ ಮೊದಲಿನ ಗುಂಡು ಉಬ್ಬುಗಳಿವೆ, ಪಾದದ ಭಾರ ನಡುಬೆರಳಿನ ಮೇಲಿದೆ, ಓಟಕ್ಕೆ ಒಗ್ಗುವಿಕೆ ಅರೆಬರೆಯಾಗಿದೆ. ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮೊದಲು, ದ್ವೀಪವಾಗಿ ತೇಲುತ್ತಿದ್ದಾಗ, ಈ ಗಣ ಇಲ್ಲಿ ವಿಕಾಸಗೊಂಡು, ಭೂಭಾಗಗಳು ಹತ್ತಿರವಾದಾಗ ಹೊರಕ್ಕೆ ಹರಡಿರಬಹುದೆಂಬ ಊಹೆಯನ್ನು 1990ರಲ್ಲೇ ಡೇವಿಡ್ ಕ್ರೌಸ್ ಮತ್ತು ಮೇರಿ ಮಾಸ್ ಮುಂದಿಟ್ಟಿದ್ದರು. ವಸ್ತಾನ್ ಆ ಊಹೆಗೆ ಬಲ ಕೊಟ್ಟಿತು.

ಆದರೆ ವಸ್ತಾನ್ ಪದರದ ವಯಸ್ಸು ಸುಮಾರು 5.45 ಕೋಟಿ ವರ್ಷ. ಉತ್ತರ ಅಮೆರಿಕ, ಯೂರೋಪು, ಏಷ್ಯಾಗಳಲ್ಲಿ ನಿಜವಾದ ಬೆಸ ಬೆರಳಿನ ಪ್ರಾಣಿಗಳು 5.6 ಕೋಟಿ ವರ್ಷಗಳ ಹಿಂದೆಯೇ ಹೆಚ್ಚುಕಡಿಮೆ ಒಟ್ಟಿಗೆ ಕಾಣಿಸಿಕೊಂಡಿದ್ದವು. ಮೊಮ್ಮಕ್ಕಳ ಬಳಿಕ ಬದುಕಿದ್ದ ಪ್ರಾಣಿಯನ್ನು ಅಜ್ಜ ಎನ್ನಲಾಗದು. ಅಜ್ಜನ ಮುಖಲಕ್ಷಣವನ್ನು ಹಾಗೆಯೇ ಉಳಿಸಿಕೊಂಡ ಚಿಕ್ಕಪ್ಪನ ಮನೆತನ ಎಂದರೆ ಹೆಚ್ಚು ಸರಿ.

ದವಡೆಹಲ್ಲು

ಸೋದರರ ಮಾತು ಬಂದುದರಿಂದ ದಕ್ಷಿಣ ಅಮೆರಿಕದ, ಈಗ ಅಳಿದುಹೋಗಿರುವ ಗೊರಸುಪ್ರಾಣಿಗಳಾದ ಲಿಟಾಪ್ಟರ್ನ್‌ಗಳನ್ನೂ ಹೇಳಿಬಿಡುತ್ತೇನೆ. ಡಾರ್ವಿನ್ 1834ರಲ್ಲಿ ಪ್ಯಾಟಗೋನಿಯಾದ ಕಡಲಂಚಿನಲ್ಲಿ ಅಗೆದು ತೆಗೆದ ಮ್ಯಾಕ್ರಾಕೀನಿಯ ಯಾವ ಗಣದ ಬಂಧು ಎಂಬುದು 180 ವರ್ಷ ಬಗೆಹರಿಯಲಿಲ್ಲ. ಮೂಳೆಯಲ್ಲಿ ಉಳಿದಿದ್ದ ಕೊಲ್ಯಾಜೆನ್ ಪ್ರೋಟೀನಿನ ಜೋಡಣೆಯನ್ನು 2015ರಲ್ಲಿ ಓದಿದಾಗ ಅದು ಬೆಸ ಬೆರಳಿನವುಗಳ ಸೋದರ ಗುಂಪಿಗೆ ಸೇರಿದ್ದೆಂದು ತಿಳಿಯಿತು. 2017ರಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಅದನ್ನೇ ಹೇಳಿತು.

ಆ ಲಿಟಾಪ್ಟರ್ನ್‌ಗಳಲ್ಲೇ ಥೋಯಥೀರಿಯಂ ಎಂಬುದೊಂದಿದೆ. 1887ರಲ್ಲಿ ಫ್ಲೊರೆಂಟಿನೊ ಅಮೆಗಿನೊ ಹೆಸರಿಸಿದ, ಸುಮಾರು 1.7 ಕೋಟಿ ವರ್ಷ ಹಿಂದಿನ ಈ ಸಣ್ಣ ಪ್ರಾಣಿಗೆ ಒಂದೇ ಬೆರಳು. ಗೊರಸುವೈದ್ಯರು ವರ್ಣಿಸಿದ ಪಕ್ಕದ ಕಡ್ಡಿಮೂಳೆಗಳು ಇದರಲ್ಲಿ ಕಡ್ಡಿಯಾಗಿಯೂ ಉಳಿದಿಲ್ಲ. ಮೇಲ್ತುದಿಯಲ್ಲಿ ಎರಡು ಮೊಳಕೆಗಳಷ್ಟೇ. ಆ ಕಾಲದಲ್ಲಿ ಉತ್ತರ ಅಮೆರಿಕದ ಕುದುರೆಗಳೆಲ್ಲ ಇನ್ನೂ ಮೂರು ಬೆರಳಿನವೇ. ಹಲ್ಲು ಮಾತ್ರ ಗಿಡ್ಡದ್ದು, ಎಲೆ ತಿನ್ನುವ ಪ್ರಾಣಿಯದು. ಒಂಟಿ ಬೆರಳು, ಎತ್ತರದ ಹಲ್ಲು ಎರಡೂ ಒಂದೇ ಮೆಟ್ಟಿಲಿನಲ್ಲಿ ಜೊತೆಯಾಗಿ ಬರಬೇಕಾದವು ಎನ್ನುವವರ ಮುಂದೆ ನಾನು ಇಡುವುದು ಈ ಪಾದವನ್ನೇ.

ಶಿಲಾಪುಟ

ಎಲ್ಲರಿಗೂ ಋಣಿ. ನಾಳೆ ಹಳೆಯ ಚಿತ್ರದ ಬದಲು ಹಲಗೆಯ ಮೇಲೆ ಹೆಸರಿಲ್ಲದ ಮೂರು ಪಾದಗಳನ್ನು ಬರೆಯುತ್ತೇನೆ: ಹಿಪ್ಪಾರಿಯನ್, ಇಂದಿನ ಕುದುರೆ, ಥೋಯಥೀರಿಯಂ. ಇವುಗಳಲ್ಲಿ ಅತಿ ಹಳೆಯದು ಯಾವುದು ಎಂದು ಆ ಹುಡುಗಿಯನ್ನೇ ಮೊದಲು ಕೇಳುತ್ತೇನೆ.

ಗೊರಸುವೈದ್ಯ

ಮೂರನ್ನೂ ಒಂದೇ ಅಳತೆಗೆ ಹಿಗ್ಗಿಸಿ ಬರೆಯಿರಿ. ಇಲ್ಲದಿದ್ದರೆ ಗಾತ್ರ ನೋಡಿಯೇ ಊಹಿಸಿಬಿಡುತ್ತಾರೆ. ಕುದುರೆಯ ಕಡ್ಡಿಮೂಳೆಯ ತುದಿಯಲ್ಲಿ ಆ ಗುಬುಟನ್ನು ಮರೆಯಬೇಡಿ.